ಅಮ್ಮ ಆರಿಸಿದ ಗಡ್ಡೆ

ಮಂಚೇನಹಳ್ಳಿ
14 ಜುಲೈ 2024

ಪ್ರೀತಿಯ ತಮ್ಮ ವೇಣುವಿಗೆ,

ಹೇಗಿದ್ದೀಯಪ್ಪ? ದೆಹಲಿಯ ಸೆಕೆಗೆ ನಿನ್ನ ಮೂಗಿನಲ್ಲಿ ರಕ್ತ ಬರುತ್ತಿದ್ದದ್ದು ನಿಂತಿತೇ? ರಾಧಾಮಣಿ, ಮಗು ಚೆನ್ನಾಗಿದ್ದಾರೆ ತಾನೆ? ಫೋನಿನಲ್ಲಿ ನಮ್ಮಿಬ್ಬರ ಮಾತು ಜಗಳವಾಗುತ್ತದೆ, ಅದಕ್ಕೇ ಕಾಗದ. ಅಪ್ಪ ಆರೋಗ್ಯವಾಗಿದ್ದಾನೆ, ಮಾತಾಡುವುದನ್ನು ಮಾತ್ರ ಬಿಟ್ಟಿದ್ದಾನೆ. ಅಮ್ಮ ಹೋದಾಗಲೂ ಅವನು ಹೀಗೆ ಮೂಕನಾಗಿರಲಿಲ್ಲ.

ಶಿವರಾತ್ರಿಗೆ ನೀನು ಬಂದಾಗ ನಮ್ಮ ರೋಸ್ ಈರುಳ್ಳಿ ಶೆಡ್ಡಿನಲ್ಲಿ ರಾಶಿ ಬಿದ್ದಿತ್ತು. ಸರ್ಕಾರ ರಫ್ತಿಗೆ ಬಾಗಿಲು ಹಾಕಿತ್ತು. ಅಂಥ ಆದೇಶಗಳು ನಿನ್ನ ಕಚೇರಿಯಲ್ಲೇ ಟೈಪಾಗುತ್ತವೆಂದು ನಾನು ಬಾಯಿಗೆ ಬಂದಂತೆ ಬೈದೆ. ಜನಕ್ಕೆ ಈರುಳ್ಳಿ ಅಗ್ಗವಾಗಬೇಕಲ್ಲ ಎಂದು ನೀನು ಸಮಜಾಯಿಷಿ ಕೊಟ್ಟೆ. ರಾಶಿಯ ಮುಂದೆ ಕೂತಿದ್ದ ಅಮ್ಮ ತಲೆ ಎತ್ತದೆಯೇ, "ಇದನ್ನ ಇಲ್ಲಿ ಯಾರೂ ತಿನ್ನಲ್ಲ ಕಣಪ್ಪ, ಮಲೇಷ್ಯಾದೋರು ತಿಂತಾರೆ. ಯಾರ ಸಾರಿಗೆ ಅಗ್ಗ ಮಾಡ್ತಿದೀರ?" ಎಂದಳು. ನಾವಿಬ್ಬರೂ ನಕ್ಕೆವು. ಆಗ ಅವಳು ಆರಿಸುತ್ತಿದ್ದದ್ದು ಬಿತ್ತನೆಗೆ. ಕತ್ತು ಸಣ್ಣಗಿರುವ, ಬಣ್ಣ ಕಡುವಾದ, ಜೋಡಿಯಾಗದ ಗಡ್ಡೆ. ಅಜ್ಜಿಯ ಕಾಲದ ತಳಿ. ಗೊಂಚಲು ಕಟ್ಟಿ ಅಟ್ಟದಲ್ಲಿ ತೂಗುಹಾಕಿ, ದಸರೆ ಕಳೆದ ಮೇಲೆ ನೆಟ್ಟು, ಹೂವಿನಿಂದ ಬೀಜ ತೆಗೆಯುವವರೆಗೂ ಇನ್ನೊಬ್ಬರ ಕೈ ಸೋಕಿಸುತ್ತಿರಲಿಲ್ಲ. ಯುಗಾದಿ ಮುಗಿಯಿತು, ಅವಳೂ ಹೋದಳು.

ಮೇ ತಿಂಗಳಲ್ಲಿ ಸರ್ಕಾರ ಬಾಗಿಲು ತೆಗೆದು ಹೊಸ್ತಿಲ ಮೇಲೆ ಸುಂಕ ಕೂರಿಸಿತು. ಆಮೇಲೆ ರೋಸ್ ಗಡ್ಡೆಗೆ ಸುಂಕ ಬೇಡ, ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ತನ್ನಿ ಎಂದಿತು. ಅಷ್ಟರಲ್ಲಿ ಅರ್ಧ ರಾಶಿ ಕೊಳೆತು, ಕುರಿಗಳೂ ಮೂಸಿ ಹಿಂದೆ ಸರಿದಿದ್ದವು. ಆ ಕಾಗದ ಬೇಗ ಕೊಡಿ ಎಂದು ರೈತ ಸಂಘದವರೆಲ್ಲ ಚಿಕ್ಕಬಳ್ಳಾಪುರದಲ್ಲಿ ಧರಣಿ ಕೂತ ದಿನವೇ ರಫ್ತು ಮಾಡುವ ಚಿಂತಾಮಣಿಯ ಸಾಹುಕಾರ ಲಾರಿ ಕಳಿಸಿದ. ಕಾಗದ ಹಿಂದಿನಿಂದ ಬರುತ್ತದೆ, ಆದರೆ ಲೋಡು ತುಂಬದೆ ಲಾರಿ ಹೊರಡದು ಎಂದನಂತೆ. ನಾನು ಅಲ್ಲಿ ಧಿಕ್ಕಾರ ಕೂಗುತ್ತಿದ್ದೆ. ಇಲ್ಲಿ ಅಪ್ಪ ಅಟ್ಟ ಹತ್ತಿ ಬಿತ್ತನೆಯ ಗೊಂಚಲುಗಳನ್ನೂ ಬಿಚ್ಚಿ ಮೂಟೆಯ ಬಾಯಿಗೆ ಹಾಕುತ್ತಿದ್ದ. ಬೇಡವೆಂದ ಎದುರುಮನೆ ಮುನಿಗಂಗಮ್ಮನಿಗೆ ಅವನು ಹೇಳಿದ್ದು ಇಷ್ಟೇ: "ಅವಳು ಆರಿಸಿದ ಗಡ್ಡೆ ಕಣಮ್ಮ. ಇದನ್ನ ನೋಡಿದ್ಮೇಲೆ ಯಾವೋನು ವಾಪಸ್ ಕಳಿಸ್ತಾನೆ?"

ಗಡ್ಡೆಯನ್ನು ಯಾರೂ ನೋಡಲಿಲ್ಲ ವೇಣು. ಬಂದರಿನಲ್ಲಿ ಕಾಗದ ಕೇಳಿದರು. ಕಾಗದ ತಲುಪುವ ಹೊತ್ತಿಗೆ ಹಡಗಿನ ಕಂಟೇನರಿನ ಸಂದಿಯಿಂದ ಕೊಳೆತ ನೀರು ಸೋರುತ್ತಿತ್ತಂತೆ.

ರೈತರ ರಫ್ತಿಗಿದ್ದ ಅಡ್ಡಿ ನೀಗಿದೆ ಎಂದು ಈಗ ಭಾಷಣವಾಗುತ್ತಿದೆ. ನೀಗಿದೆ, ನಿಜ. ದಾಟಿಸಲು ನಮ್ಮಲ್ಲಿ ಏನಿದೆ? ಅಂಗಡಿ ಬೀಜ ತರಲೇ ಎಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಉಳಿದ ಹೊತ್ತೆಲ್ಲ ಖಾಲಿ ಅಟ್ಟದ ಕೆಳಗೆ ಕೂತಿರುತ್ತಾನೆ. ಆದೇಶ ನಿನ್ನದಲ್ಲ, ಒಪ್ಪುತ್ತೇನೆ. ಆದರೆ ಇನ್ನೊಂದು ಸಲ 'ಈರುಳ್ಳಿ' ಎಂದು ಟೈಪ್ ಮಾಡುವಾಗ ಯಾವ ಈರುಳ್ಳಿ, ಯಾರದು ಎಂದು ನಿನ್ನ ಮೇಲಿನವನನ್ನು ಒಂದು ಮಾತು ಕೇಳು. ಕೆಲಸ ಹೋದರೆ ಹೊಲ ಇದೆ.

ರಾಧಾಮಣಿಯನ್ನು ಕೇಳಿದೆನೆಂದು ಹೇಳು, ಮಗುವಿಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ನೋಡಿಕೋ.

ನಿನ್ನ ಅಕ್ಕ,
ಮುನಿಲಕ್ಷ್ಮಿ

ಮರೆತಿದ್ದೆ: ಶಿವರಾತ್ರಿ ಮುಗಿಸಿ ಹೊರಟಾಗ ಅಮ್ಮ ನಿನ್ನ ಚೀಲಕ್ಕೆ ಒಂದು ಗೊಂಚಲು ತುರುಕಿದ್ದಳು, ಬಿತ್ತನೆಯದರಲ್ಲೇ. ಘಾಟು ಜಾಸ್ತಿ, ಬಾಲ್ಕನಿಯಲ್ಲಿ ನೇತುಹಾಕಿದ್ದೇವೆ ಎಂದು ರಾಧಾಮಣಿ ಒಮ್ಮೆ ಹೇಳಿದ್ದಳು. ಇನ್ನೂ ಇದ್ದರೆ ಕೊಯ್ಯಬೇಡಿ. ಮೊಳಕೆ ಬಂದಿದ್ದರೂ, ಒಂದೆರಡೇ ಉಳಿದಿದ್ದರೂ ದಸರೆಯೊಳಗೆ ನೀನೇ ತಂದುಕೊಡು. ಅಪ್ಪನಿಗೆ ಹೇಳಿಲ್ಲ. ಇದೆಯೆಂದು ನೀನು ಬರೆದ ಮೇಲೆ ಹೇಳುತ್ತೇನೆ.