ಬೂದಿಕೋಟೆಗೆ ಬರೆಯಬೇಕಾದ ಮೂರು ಮಾತು

ಆದಿಲಕ್ಷ್ಮಿ ಅತ್ತಿಗೆಗೆ,

ಒಂದಾನೊಂದು ಕಾಲದಲ್ಲಿ ಬೂದಿಕೋಟೆಯ ರಾಜಕುಮಾರಿಯೊಬ್ಬಳು ಚಿನ್ನದ ಗಣಿಯೂರಿಗೆ ಸೊಸೆಯಾಗಿ ಬಂದಳಂತೆ. ಬಸುರಿಯಾದಾಗ, ಬಾಣಂತನಕ್ಕೆ ಕರೆದೊಯ್ಯಲಿ ಎಂದು ಅಪ್ಪನಿಗೆ ಕಾಗದ ಬರೆದಳು. ಆದರೆ ನಾಚಿಕೆಗೆ ರಾಗಿ, ಬಾವಿ, ಉಪ್ಪಿನಕಾಯಿ, ಗಬ್ಬದ ಹಸು ಎಲ್ಲವನ್ನೂ ಒಂದೇ ವಾಕ್ಯಕ್ಕೆ ತುರುಕಿ, ನಡುವೆಲ್ಲೋ ತನ್ನ ಸುದ್ದಿ ಬಚ್ಚಿಟ್ಟಳು. ಅಪ್ಪನ ಉತ್ತರ ಬಂತು: "ಹಸೂಗೆ ಹಿಂಡಿ ಜಾಸ್ತಿ ಹಾಕಮ್ಮ, ಕರು ಹುಟ್ಟಿದ ಮೇಲೆ ನೋಡೋಕೆ ಬತ್ತೀನಿ." ಅದನ್ನೋದಿ ಒಲೆ ಮುಂದೆ ಅತ್ತಳು. ನಾದಿನಿ ಕೇಳಿದರೆ, "ಹೊಗೆ ಕಣಮ್ಮ" ಅಂದಳು.

ಅಜ್ಜಿ ಕತೆಯನ್ನು ಸುತ್ತಿ ಬಳಸಿ ಹೇಳಬಹುದು, ಕಾಗದ ಹಾಗಲ್ಲ ಕಣತ್ತಿಗೆ. ಒಂದು ವಾಕ್ಯಕ್ಕೆ ಒಂದೇ ವಿಷಯ ಸಾಕು. ಬೇಕಾದ್ದು ಮೊದಲು ಬರಲಿ, ಕ್ಷೇಮಸಮಾಚಾರ ಆಮೇಲೆ.

ಮುದ್ದೆ ಮುಚ್ಚಿಟ್ಟಿದ್ದೀನಿ, ಬಿಸಿಯಲ್ಲೇ ತಿನ್ನು. ನೀರಿಗೆ ನೀನು ಹೋಗಬೇಡ, ಬಂದು ನಾನೇ ತರ್ತೀನಿ. ಬಂಗಾರಪೇಟೆ ರೈಲಿಗೆ ಹೊತ್ತಾಯ್ತು. ಕಾಗದ ತಿದ್ದಿಕೊಡ್ತೀನಿ ಅಂತ ಹೇಳ್ತಾನೇ ಇದ್ದೆ, ಇವತ್ತು ಕೂತು ತಿದ್ದಿದೆ. ನಿನ್ನ ಕೈಯಲ್ಲೇ ಬರೆದು ಮಧ್ಯಾಹ್ನದ ಟಪಾಲಿಗೆ ಹಾಕಿಸು:

"ಅಪ್ಪಾ, ನನಗೆ ಏಳು ತಿಂಗಳು. ಹೆರಿಗೆ ಹೊತ್ತಿಗೆ ಅಮ್ಮ ಪಕ್ಕದಲ್ಲಿರಬೇಕು. ಬಂದು ಕರೆದುಕೊಂಡು ಹೋಗಿ."