ಎಡಗೈ ಕುದುರೆಗಳನ್ನು ಹೊರಗಟ್ಟಿದವರಿಗೆ

ಮಾನ್ಯ ಕಲಾಭವನದ ಆಡಳಿತಾಧಿಕಾರಿಗಳೇ,

ಅಪ್ಪಂದಿರು ಮಕ್ಕಳ ಜೊತೆ ಕೂತು ಚಿತ್ರ ಬಿಡಿಸುತ್ತಿದ್ದ ಭಾನುವಾರದ ಕೋಣೆಯನ್ನು ನೀವು ಖಾಲಿ ಮಾಡಿಸಿದ್ದೀರಿ. 'ಇಲ್ಲಿನ ಕೃತಿಗಳಲ್ಲಿ ಕಲಾಮಟ್ಟ ಕಂಡುಬಂದಿಲ್ಲ' ಎಂದು ಬಾಗಿಲಿಗೆ ಸೂಚನೆಯನ್ನೂ ಅಂಟಿಸಿದ್ದೀರಿ. ತಮ್ಮ ಸೂಕ್ಷ್ಮದೃಷ್ಟಿಗೆ ಕೈ ಮುಗಿಯಬೇಕು. ಗೋಡೆಯ ಮೇಲಿನ ಕುದುರೆಗಳು ಸೊಟ್ಟಗಿರುವುದು ಕಂಡಿತು. ಯಾಕೆ ಹೀಗೆ ಎಂದು ಪಕ್ಕದಲ್ಲೇ ನಿಂತಿದ್ದ ಚಿತ್ರಕಲಾ ಮೇಡಂ ಅವರನ್ನು ಕೇಳಲು ಮಾತ್ರ ಪುರುಸೊತ್ತಾಗಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದರು. ಅಲ್ಲಿ ಅವರದು ಒಂದೇ ಕಟ್ಟಳೆ: ಮಗು ರೂಢಿಯ ಕೈಯಲ್ಲಿ ಬಿಡಿಸಬೇಕು, ಅಪ್ಪ ರೂಢಿಯಿಲ್ಲದ ಕೈಯಲ್ಲಿ. ಮನೆಯಲ್ಲಿ ಎಲ್ಲ ಬಲ್ಲವನಂತೆ ಮೆರೆಯುವ ಗಂಡಸು ಇಲ್ಲಿ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರದೆ ಮಗುವಿನ ಸಹಾಯ ಬೇಡಬೇಕು. ನೀವು ಅಳೆದು ತೂಗಿ ನಪಾಸು ಮಾಡಿದ್ದು ನಮ್ಮ ಎಡಗೈಗಳನ್ನು, ಸ್ವಾಮಿ.

ನಾನು ಬಸ್ ಓಡಿಸುವವನು. ದಿನವಿಡೀ ಹಾರ್ನುಗಳ ನಡುವೆ ಕೂತು ಮನೆಗೆ ಬಂದರೆ, ನನ್ನ ಮುಖ ನೋಡಿದ್ದೇ ಮಗಳು ಅಡುಗೆಮನೆಯಲ್ಲಿ ಅಮ್ಮನ ಬೆನ್ನ ಹಿಂದೆ ಸೇರಿಕೊಳ್ಳುತ್ತಿದ್ದಳು. ಬೈದವನಲ್ಲ, ಹೊಡೆದವನಲ್ಲ, ಆದರೂ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಆ ಕೋಣೆಯಲ್ಲಿ ನನ್ನ ಎಡಗೈ ಕುದುರೆ ನೋಡಿ ಅವಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಇದು ಕುದುರೆ ಅಲ್ಲ, ಬಾಲ ಇರೋ ಮಂಚ," ಅಂದಳು. ನನ್ನ ಕೈ ಮೇಲೆ ಕೈಯಿಟ್ಟು ಕಿವಿ ಬರೆಸಿದಳು. ಆಮೇಲೆ ದಾರಿಯುದ್ದಕ್ಕೂ ಬಾಯಿ ಮುಚ್ಚಿದವಳಲ್ಲ.

ನರ್ಸ್ ಆಗಿರುವ ನನ್ನ ಹೆಂಡತಿಗೆ ಭಾನುವಾರ ಮಧ್ಯಾಹ್ನ ಕಣ್ತುಂಬ ನಿದ್ದೆ ಸಿಕ್ಕತೊಡಗಿತು. ಒಬ್ಬರ ಮುಖ ಒಬ್ಬರು ನೋಡದ ನಮ್ಮ ಬೀದಿಯ ವೆಲ್ಡರ್ ಮತ್ತು ದರ್ಜಿ, ಮಕ್ಕಳು ಬಣ್ಣದ ಡಬ್ಬಿ ಹಂಚಿಕೊಂಡಿದ್ದರಿಂದ ಒಂದೇ ಮೇಜಿಗೆ ಬಂದರು. ಈಗ ಒಬ್ಬನಿಗೆ ಕೆಲಸ ಬಿದ್ದರೆ ಇನ್ನೊಬ್ಬ ಇಬ್ಬರ ಮಕ್ಕಳನ್ನೂ ಶಾಲೆಗೆ ಬಿಟ್ಟು ಬರುತ್ತಾನೆ. ಇದು ಯಾವ ಮಟ್ಟ ಎಂದು ತಮ್ಮ ಕಚೇರಿ ಹೇಳಬಲ್ಲದೇ?

ಆ ಕೋಣೆಯಲ್ಲೀಗ ಮಗುವನ್ನು ಹೆಗಲ ಮೇಲೆ ಹೊತ್ತ ಅಪ್ಪನ ಕಂಚಿನ ಪ್ರತಿಮೆ ಇದೆ. ಸುತ್ತ ಹಗ್ಗ, 'ಮುಟ್ಟಬೇಡಿ' ಎಂಬ ಫಲಕ. ಉಸಿರಾಡುವ ಅಪ್ಪಂದಿರನ್ನು ಹೊರಹಾಕಿ ಕಂಚಿನವನನ್ನು ತಂದು ನಿಲ್ಲಿಸಿದ್ದೀರಿ. ಅವನ ಕೆಳಗೆ ಪಿತೃತ್ವದ ಹಿರಿಮೆಯ ಬಗ್ಗೆ ನೀವೇ ಭಾಷಣ ಬಿಗಿದಿರಂತೆ. ನಾಚಿಕೆಯಾಗಲಿಲ್ಲವೇ?

ಬಾಗಿಲಿನ ಆ ಸೂಚನೆಯನ್ನು ಮಗಳು ಎರಡೆರಡು ಸಲ ಓದಿದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ ಮೆಲ್ಲಗೆ ಕೇಳಿದಳು: "ನಿನ್ನ ಕುದುರೆ ನೋಡಿ ನಾನು ಅಷ್ಟು ನಗಬಾರದಿತ್ತು ಅಲ್ವಾ ಅಪ್ಪಾ? ಅದಕ್ಕೇ ಮುಚ್ಚಿಬಿಟ್ರಾ?"

ಅಲ್ಲವೆಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. ನಿಮ್ಮ ರುಜು, ಮೊಹರಿನ ಮುಂದೆ ನನ್ನ ಮಾತು ಯಾವ ಲೆಕ್ಕ? ಈಗ ನಾನು ಏನು ಗೀಚಿದರೂ ಅವಳು ನಗುವುದಿಲ್ಲ. "ಚೆನ್ನಾಗಿದೆ ಅಪ್ಪಾ" ಎಂದು ಎದ್ದು ಹೋಗುತ್ತಾಳೆ. ನಾನು ಈ ಪತ್ರ ಬರೆಯಲು ಕೂತದ್ದು ಅದಕ್ಕೇ.

ಕೋಣೆಯನ್ನು ಮೇಡಂ ಅವರಿಗೆ ಬಿಟ್ಟುಕೊಡಿ. ಪ್ರತಿಮೆಯನ್ನು ಬೇಕಿದ್ದರೆ ನಿಮ್ಮ ಕೊಠಡಿಗೆ ಸಾಗಿಸಿಕೊಳ್ಳಿ. ಅದಕ್ಕೂ ಮೊದಲು ನಮ್ಮ ಮನೆಗೆ ಬಂದು, ಆ ಮಗುವಿನ ಎದುರು ಕೂತು, ತಪ್ಪು ಅವಳದಲ್ಲ, ನಿಮ್ಮದು ಎಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಮಗಳಿಂದ ಸುಳ್ಳು ಹೊಗಳಿಕೆ ಕೇಳಿಸಿಕೊಳ್ಳುತ್ತಿರುವ
ಒಬ್ಬ ಬಸ್ ಚಾಲಕ