ಇಲ್ಲದ ಗೀರು

ಡಿಸೆಂಬರ್ ೩೦, ರಾತ್ರಿ

ಆ ಸುಳ್ಳು ಹೇಳಬಾರದಿತ್ತು. ವರ್ಷದ ಕೊನೆಯ ರಜೆಯಲ್ಲಿ ಅಪ್ಪ ಮನೆಮಂದಿಗೆಲ್ಲ ತೋರಿಸುವ ಅದೇ ಹಳೇ ಸಿನಿಮಾ ಸಾಕಾಗಿತ್ತು. ಮಕ್ಕಳು ಬೇರೆ ಹೊಸದಕ್ಕೆ ಹಟ ಹಿಡಿದಿದ್ದರು. "ಸೀಡಿಗೆ ಗೀರು ಬಿದ್ದಿದೆ ಅಪ್ಪ, ಓಡಲ್ಲ" ಎಂದುಬಿಟ್ಟೆ.

ಹೊಸ ಸಿನಿಮಾಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅದೇ ಈಗ ಚುಚ್ಚುತ್ತಿದೆ. ಅಪ್ಪ ಮಾತ್ರ ಮೂಲೆಯ ಮೇಜಿನಲ್ಲಿ, ತಮ್ಮ ಗಡಿಯಾರ ರಿಪೇರಿ ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಸೀಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಮಲಗುವ ಮುಂಚೆ ಮೆಲ್ಲಗೆ ಕೇಳಿದರು, "ಗೀರು ಎಲ್ಲಿದೆ ಮಗಾ? ನಂಗೆ ಕಾಣ್ತಾನೇ ಇಲ್ಲ. ಕಣ್ಣು ಹೋಯ್ತು ಅನ್ಸುತ್ತೆ. ಇನ್ನು ಅಂಗಡಿ ಮುಚ್ಚೋದೇ ವಾಸಿ."

"ದೀಪದ ಬೆಳಕಲ್ಲಿ ಯಾರಿಗೂ ಕಾಣಲ್ಲ, ಬೆಳಿಗ್ಗೆ ನೋಡೋಣ ಬಿಡಿ" ಎಂದೆ. ಸುಳ್ಳಿನ ಮೇಲೊಂದು ಸುಳ್ಳು.

ಅವರ ಕೋಣೆಯ ದೀಪ ಇನ್ನೂ ಉರಿಯುತ್ತಿದೆ.